ಎಚ್ಚರಿಕೆಯ ಕಾಯಕ

ಕಲ್ಯಾಣದ ಶರಣರ ಹೆಸರುಗಳನ್ನು ಒಂದೊಂದಾಗಿ ಓದುತ್ತ ಹೋದರೆ ಅವರ ಕಾಯಕಗಳೇ ಕಣ್ಣ ಮುಂದೆ ಸಾಲುಗಟ್ಟಿ ನಿಲ್ಲುತ್ತವೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಮೋಳಿಗೆಯ ಮಾರಯ್ಯ ಎಂಬಲ್ಲಿ ಹೆಸರಿನ ಮುಂದೆ ಅಂಟಿಕೊಂಡು ಬಂದ ಆ ಒಂದು ಮಾತು ಎಂಟು ಶತಮಾನಗಳು ಕಳೆದರೂ ಸವೆದಿಲ್ಲ. ಇವೆಲ್ಲವೂ ಕಣ್ಣಿಗೆ ಕಾಣುವ ವಸ್ತುವನ್ನೋ ಕೈಗೆ ಎಟುಕುವ ಸೇವೆಯನ್ನೋ ಕೊಡುವ ಕಾಯಕಗಳು. ದೋಣಿಯು ದಾಟಿಸುತ್ತದೆ, ಹಗ್ಗವು ಬಿಗಿಯುತ್ತದೆ, ಸೌದೆಯು ಉರಿಯುತ್ತದೆ. ಆದರೆ ಅದೇ ಶರಣಸಮೂಹದಲ್ಲಿ ಬರಿಯ ಕೊರಳನ್ನೇ ಬಂಡವಾಳವಾಗಿ ಉಳ್ಳ ಕೆಲವರಿದ್ದರೆಂಬುದು ಅನೇಕ ಭಕ್ತರ ಲಕ್ಷ್ಯಕ್ಕೆ ಬಂದಂತಿಲ್ಲ. ಎಚ್ಚರಿಕೆ ಕಾಯಕದ ಮುಕ್ತಿನಾಥಯ್ಯನವರು ಅಂಥವರಲ್ಲಿ ಒಬ್ಬರು. ಉಗ್ಘಡಿಸುವ ಗಬ್ಬಿದೇವಯ್ಯನವರು ಇನ್ನೊಬ್ಬರು. ತಳವಾರ ಕಾಮಿದೇವಯ್ಯನವರನ್ನೂ ಢಕ್ಕೆಯ ಬೊಮ್ಮಣ್ಣನವರನ್ನೂ ಇವರ ಜೊತೆಗೇ ಎಣಿಸಬಹುದು.

ಈ ನಾಲ್ವರ ಚರಿತ್ರೆಯಾಗಿ ಉಳಿದುಬಂದಿರುವುದು ಅತ್ಯಲ್ಪ. ಆದರೂ ಅವರ ಹೆಸರುಗಳೇ ಸಾಕಷ್ಟು ಹೇಳುತ್ತವೆ. ಉಗ್ಘಡಿಸುವುದೆಂದರೆ ಹತ್ತು ಜನರಿಗೆ ಕೇಳುವಂತೆ ಗಟ್ಟಿಯಾಗಿ ಸಾರುವುದು. ಎಚ್ಚರಿಕೆಯೆಂಬುದಕ್ಕೆ ಅರ್ಥ ಹೇಳಬೇಕಾಗಿಲ್ಲ. ತಳವಾರಿಕೆಯು ಊರು ಕಾಯುವ ಕೆಲಸ. ಕಾಯುವವನಿಗೆ ಕೈಯ ಕೋಲಿಗಿಂತ ಮೊದಲು ಒದಗುವುದು ಬಾಯ ಕೂಗು. ಢಕ್ಕೆಯು ಚರ್ಮವಾದ್ಯ, ಊರಿಗೆ ಊರನ್ನೇ ಮನೆಯಿಂದ ಹೊರಕ್ಕೆ ಕರೆಯಲು ಚರ್ಮವಾದ್ಯದಷ್ಟು ಬಲವಾದ ಸಾಧನವು ಆ ಕಾಲದಲ್ಲಿ ಬೇರೆ ಇರಲಿಲ್ಲ. ಲೋಕವು ಇಂಥವರನ್ನು ಊಳಿಗದವರೆಂದು ಕಡೆಗಣಿಸಿತು. ಕೂಗಿದ ಮಾತನ್ನು ಕೇಳಿಸಿಕೊಂಡಿತು, ಕೂಗಿದವನನ್ನು ಹೊರಗೇ ನಿಲ್ಲಿಸಿತು. ಶರಣರು ಹಾಗೆ ಮಾಡಲಿಲ್ಲ. ಅವರನ್ನು ಒಳಗೆ ಕರೆದು ಕುಳ್ಳಿರಿಸಿದರು. ಅವರು ನುಡಿದುದೂ ವಚನವಾಯಿತು. ಅಲ್ಲಮಪ್ರಭುಗಳ ಮತ್ತು ಬಸವಣ್ಣನವರ ವಚನಗಳೊಡನೆ ಇವರ ವಚನಗಳೂ ಇಂದಿಗೂ ಸಂಪುಟಗಳಲ್ಲಿ ಅಚ್ಚಾಗುತ್ತಿವೆ. ‘ವಚನ’ವೆಂಬ ಶಬ್ದಕ್ಕೆ ಮಾತು ಎಂಬುದೊಂದು ಅರ್ಥ, ಕೊಟ್ಟ ಮಾತು ಎಂಬುದು ಇನ್ನೊಂದರ್ಥ. ಸಾರುವವನ ಬಾಯಲ್ಲಿ ಈ ಎರಡೂ ಒಂದಾಗುತ್ತವೆ. ಅವನು ನಾಳೆ ಬೆಳಿಗ್ಗೆ ಹೊಳೆ ಬರುತ್ತದೆಂದು ಸಾರಿದರೆ ಅದು ಸುದ್ದಿಯೂ ಹೌದು, ಊರಿಗೆ ಅವನು ಕೊಟ್ಟ ಮಾತೂ ಹೌದು.

ಹೀಗೆ ಸುದ್ದಿ ಮುಟ್ಟಿಸುವುದು ಕಾಯಕವೆಂದು ಒಪ್ಪಿದ ಮೇಲೆ ಕಾಯಕದ ನೇಮಗಳೆಲ್ಲ ಅದಕ್ಕೂ ಅನ್ವಯಿಸುತ್ತವೆ. ಅಳತೆಯಲ್ಲಿ ಮೋಸ ಮಾಡಿದ ವರ್ತಕನ ದಾಸೋಹವು ಹೇಗೆ ಲಿಂಗಕ್ಕೆ ಸಲ್ಲುವುದಿಲ್ಲವೋ ಹಾಗೆಯೇ ಕೂಡಿಸಿ ಕಳೆದು ಹೇಳಿದ ಸುದ್ದಿಯೂ ಸಲ್ಲುವುದಿಲ್ಲ. ಪಂಚಾಚಾರಗಳಲ್ಲಿ ಭೃತ್ಯಾಚಾರ, ಶಿವಾಚಾರ ಎಂಬೆರಡನ್ನು ಈ ಸಂದರ್ಭದಲ್ಲಿ ವಿಶೇಷವಾಗಿ ನೆನೆಯತಕ್ಕದ್ದು. ತಾನು ಎಲ್ಲರಿಗೂ ಕಿಂಕರನೆಂದು ನಡೆಯುವುದು ಭೃತ್ಯಾಚಾರ. ಕುಲ ಕಸಬುಗಳ ಭೇದವೆಣಿಸದೆ ಎಲ್ಲರನ್ನೂ ಸಮವಾಗಿ ಕಾಣುವುದು ಶಿವಾಚಾರ. ನೆರೆಮನೆಯ ಕದ ತಟ್ಟಿ ಒಂದು ಮಾತು ಹೇಳಿ ಬರುವುದರಲ್ಲಿ ಇಷ್ಟೆಲ್ಲ ಧರ್ಮವಿದೆಯೇ ಎಂದು ಗೃಹಸ್ಥನು ನಗಬಹುದು. ಒಂದು ದಿನದ ವ್ಯವಹಾರವನ್ನು ನೋಡಿದರೆ ಆ ನಗೆಯು ನಿಲ್ಲುತ್ತದೆ.

ದಾವಣಗೆರೆಯು ಈಗ ದೊಡ್ಡ ನಗರ. 1997ರಲ್ಲಿ ಜಿಲ್ಲೆಯ ಕೇಂದ್ರವಾದ ಮೇಲೆ ಊರು ಇನ್ನಷ್ಟು ಹಬ್ಬಿತು. ಮಂಡಿಪೇಟೆ, ಚೌಕಿಪೇಟೆಗಳ ಹಳೆಯ ಮನೆಗಳು ಗೋಡೆಗೆ ಗೋಡೆ ಕೂಡಿಸಿ ನಿಂತವು. ಒಂದು ಮನೆಯ ಕೆಮ್ಮು ಇನ್ನೊಂದು ಮನೆಗೆ ಕೇಳಿಸುತ್ತಿತ್ತು, ಕಷಾಯವು ಕೇಳದೆಯೇ ಬರುತ್ತಿತ್ತು. ಹೊಸ ಬಡಾವಣೆಗಳಲ್ಲಿ ಕಾಂಪೌಂಡುಗಳೆದ್ದಿವೆ, ಕಬ್ಬಿಣದ ಗೇಟುಗಳಿಗೆ ಒಳಗಿನಿಂದ ಚಿಲಕ ಬಿದ್ದಿದೆ. ಆದರೂ ನೀರು ಬರುವ ಹೊತ್ತು, ವಿದ್ಯುತ್ತು ಹೋಗುವ ಹೊತ್ತು, ಮಕ್ಕಳಿಗೆ ಲಸಿಕೆ ಹಾಕುವ ದಿನ, ಪಡಿತರದ ಅಂಗಡಿ ತೆರೆಯುವ ದಿನ, ಯಾರ ಮನೆಯಲ್ಲಿ ಆರಾಧನೆ, ಯಾರ ಮನೆ ಬಾಡಿಗೆಗಿದೆ, ಯಾರ ಹಸು ತಪ್ಪಿಸಿಕೊಂಡಿದೆ ಎಂಬ ಚಿಕ್ಕ ಚಿಕ್ಕ ಸುದ್ದಿಗಳಿಲ್ಲದೆ ಯಾವ ಬೀದಿಯ ಬಾಳೂ ಒಂದು ದಿನ ಸಾಗುವುದಿಲ್ಲ. ನಗರದಿಂದಲೇ ಹೊರಡುವ ‘ಜನತಾವಾಣಿ’ಯಂತಹ ದೈನಿಕವನ್ನು ಬೆಳಗಿನಲ್ಲಿ ಬಿಡಿಸಿದ ಗೃಹಸ್ಥನ ಕಣ್ಣು ದೆಹಲಿಯ ಸುದ್ದಿಗಿಂತ ಮೊದಲು ಎಲ್ಲಿಗೆ ಹೋಗುತ್ತದೆಂಬುದನ್ನು ಆತನೇ ಬಲ್ಲನು. ಊರಿನ ನಿಧನವಾರ್ತೆಗೆ ಹೋಗುತ್ತದೆ. ಇದನ್ನು ಕೆಲವರು ಹಾಸ್ಯ ಮಾಡುವುದುಂಟು. ಹಾಸ್ಯಕ್ಕೆ ಇಲ್ಲಿ ಎಡೆಯಿಲ್ಲ.

ಏಕೆಂದರೆ ಒಂದು ಮನೆಯಲ್ಲಿ ಹಿರಿಯರೊಬ್ಬರು ಲಿಂಗೈಕ್ಯರಾದರೆ ಆ ಕ್ಷಣದಿಂದ ಆ ಮನೆಯು ತನ್ನ ಕೈಯಿಂದ ಏನನ್ನೂ ಮಾಡಿಕೊಳ್ಳಲಾರದು. ವಿಮಾನ ಕಟ್ಟುವವರು ಬೇಕು, ರುದ್ರಭೂಮಿಯಲ್ಲಿ ಸಮಾಧಿ ತೋಡುವವರು ಬೇಕು, ಅಯ್ಯನವರು ಬೇಕು, ವಿಭೂತಿ ಬಿಲ್ವಪತ್ರೆ ಬೇಕು, ಭಜನೆಯವರು ಬೇಕು, ಪರಊರಿನ ಮಗಳು ಅಳಿಯಂದಿರು ಬರುವವರೆಗೆ ಮನೆಯವರ ಬಳಿ ಕುಳಿತಿರುವ ನಾಲ್ಕು ಜನ ಬೇಕು. ಇವರೆಲ್ಲರಿಗೂ ಸುದ್ದಿ ಮುಟ್ಟಬೇಕು. ಹಿಂದೆ ಇದಕ್ಕೆಂದೇ ಒಬ್ಬನು ಕಾಲಿಗೆ ಬಿದ್ದ ಕೆಲಸವನ್ನೆಲ್ಲ ಬಿಟ್ಟು ಊರಿಂದೂರಿಗೆ ಹೊರಡುತ್ತಿದ್ದನು. ‘ಸಾವಿನ ಸುದ್ದಿ ಮುಟ್ಟಿಸಿದ’ ಎಂದೇ ಜನರು ಹೇಳುತ್ತಿದ್ದರು, ಹೇಳಿದನೆಂದಲ್ಲ. ಮುಟ್ಟಿಸುವುದೆಂಬ ಮಾತಿನಲ್ಲಿ ಹೊರೆಯೊಂದನ್ನು ಹೊತ್ತೊಯ್ದು ಇಳಿಸಿದ ಭಾವವಿದೆ. ಹಗೆಯಾಗಿದ್ದ ದಾಯಾದಿಯ ಮನೆಗೂ ಆ ಸುದ್ದಿ ತಪ್ಪದೆ ಹೋಗಬೇಕು. ಬರುವುದು ಬಿಡುವುದು ಅವರಿಗೆ ಬಿಟ್ಟದ್ದು. ಸುದ್ದಿ ಮುಟ್ಟಿಸದಿದ್ದರೆ ಮಾತ್ರ ಆ ತಪ್ಪು ಎರಡು ತಲೆಮಾರಿಗೆ ಹೋಗುತ್ತದೆ. ಈಗ ಪತ್ರಿಕೆಯ ನಾಲ್ಕು ಸಾಲು, ಕೈಯಲ್ಲಿರುವ ಫೋನಿನ ಒಂದು ಸಂದೇಶ ಈ ಕೆಲಸವನ್ನು ಮಾಡುತ್ತಿವೆ. ಕೆಲಸವು ಸುಲಭವಾಯಿತು, ಒಳ್ಳೆಯದೇ ಆಯಿತು. ಆದರೆ ಒಂದು ಸಂದೇಶವನ್ನು ಮುನ್ನೂರು ಜನರಿಗೆ ಒಮ್ಮೆಗೇ ಕಳುಹಿಸಿದವನು ಪಕ್ಕದ ಮನೆಯ ಅಕ್ಷರ ಬಾರದ ಅಜ್ಜಿಗೆ ಹೇಳದೆ ಬಿಟ್ಟಿದ್ದಾನೆಯೇ ಎಂಬುದನ್ನು ನೋಡಬೇಕು. ಮೃತರೊಡನೆ ಐವತ್ತು ವರ್ಷ ಜಗಲಿಯಲ್ಲಿ ಮಾತಾಡಿದವಳು ಆಕೆಯೇ ಆಗಿರಬಹುದು.

ನೀರಿನ ವಿಚಾರವು ಇದಕ್ಕಿಂತ ದಿನಬಳಕೆಯದು. ದಾವಣಗೆರೆಗೆ ಕುಡಿಯುವ ನೀರು ಹರಿಹರದ ಸಮೀಪ ರಾಜನಹಳ್ಳಿಯ ಬಳಿ ತುಂಗಭದ್ರೆಯಿಂದ ಮೇಲಕ್ಕೆತ್ತಿ ಬರುತ್ತದೆ. ಭದ್ರಾ ನಾಲೆಯ ನೀರು ಕುಂದುವಾಡದ ಕೆರೆಯಲ್ಲಿ ನಿಂತು ಬರುತ್ತದೆ. ಆದರೆ ನಿತ್ಯವೂ ಎಲ್ಲ ಬೀದಿಗೂ ಬರುವುದಿಲ್ಲ. ಸರದಿಯಂತೆ ಬರುತ್ತದೆ, ಬೇಸಗೆಯಲ್ಲಿ ಸರದಿಯು ಉದ್ದವಾಗುತ್ತದೆ. ನಡುರಾತ್ರಿಯಲ್ಲಿ ಬಿಟ್ಟ ನೀರು ಬೆಳಗಾಗುವ ಮೊದಲೇ ನಿಂತುಹೋಗುವುದೂ ಉಂಟು. ಆಗ ಮೊದಲು ಎಚ್ಚರವಾದ ಮನೆಯಾಕೆಯು ಗೋಡೆಯ ಮೇಲಿಂದ, “ಅಕ್ಕಾರೇ, ನಳ ಬಂತು ನೋಡ್ರಿ, ಏಳ್ರಿ!” ಎಂದು ಕೂಗುತ್ತಾಳೆ. ಆ ಕೂಗಿಗೆ ಹಾಸಿಗೆಯಲ್ಲಿದ್ದ ಹತ್ತು ಮನೆಗಳು ಏಳುತ್ತವೆ. ಕೆಲವೆಡೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವವರಿದ್ದಾರೆ. ಪಕ್ಕದ ಮನೆಯವರು ಊರಿಗೆ ಹೋಗಿದ್ದರೆ, ಅಥವಾ ಗಂಡಹೆಂಡಿರಿಬ್ಬರೂ ರಾತ್ರಿಪಾಳಿಯ ಕೆಲಸಕ್ಕೆ ಹೋಗಿದ್ದರೆ, ಅವರ ಅಂಗಳದ ಡ್ರಮ್ಮಿಗೆ ತಮ್ಮ ಪೈಪನ್ನೇ ಹಾಯಿಸಿ ತುಂಬಿಸಿಡುತ್ತಾರೆ; ಬೆಳಿಗ್ಗೆ ಆ ವಿಚಾರವನ್ನು ಎತ್ತುವುದೂ ಇಲ್ಲ. ದಾಸೋಹವೆಂದರೆ ಮಠದ ಪಂಕ್ತಿಯಲ್ಲಿ ನಡೆಯುವುದು ಮಾತ್ರವೆಂದು ತಿಳಿದವರು ಈ ಡ್ರಮ್ಮನ್ನು ನೋಡಬೇಕು.

ಇದಕ್ಕೆ ತದ್ವಿರುದ್ಧವಾದ ನಡೆಯೂ ಇದೆ. ನೀರು ಬಂದುದು ತಿಳಿದಿದ್ದರೂ ಸದ್ದಿಲ್ಲದೆ ಮೋಟಾರು ಹಚ್ಚಿ ತಮ್ಮ ತೊಟ್ಟಿ ತುಂಬಿದ ಮೇಲೆ ಹೇಳುವ ಮನೆಗಳಿವೆ. ಭದ್ರಾ ಅಚ್ಚುಕಟ್ಟಿನಲ್ಲಿ ನಾಲೆಗೆ ನೀರು ಬಿಡುವ ದಿನ, ನಿಲ್ಲಿಸುವ ದಿನಗಳ ಪ್ರಕಟಣೆಯು ಎಲ್ಲರಿಗೂ ಒಂದೇ. ಆದರೆ ದಾವಣಗೆರೆ ಹರಿಹರಗಳ ಕಡೆಯ ಭಾಗದ ರೈತನಿಗೆ ಎಷ್ಟೋ ಸಲ ಪ್ರಕಟಣೆಯು ಮುಟ್ಟುತ್ತದೆ, ನೀರು ಮುಟ್ಟುವುದಿಲ್ಲ. ಮೇಲಿನವನು ತೂಬನ್ನು ಎಷ್ಟು ಹೊತ್ತು ತೆರೆದಿಟ್ಟಿದ್ದಾನೆಂಬುದನ್ನು ಕೆಳಗಿನವನಿಗೆ ಹೇಳುವವರಿಲ್ಲ. ತಿಳಿದುದನ್ನು ಹೇಳದೆ ಇಟ್ಟುಕೊಳ್ಳುವುದು ಅಪಹಾರವೆಂದು ಯಾವ ಕಾನೂನೂ ಹೇಳಲಾರದು. ಶರಣಧರ್ಮದ ಲೆಕ್ಕದಲ್ಲಿ ಮಾತ್ರ ಅದು ಬಚ್ಚಿಟ್ಟ ಧಾನ್ಯಕ್ಕೆ ಸಮನಾದುದು.

ಪೂರ್ವದಲ್ಲಿ ಸುದ್ದಿಯು ಮನೆಯಿಂದ ಮನೆಗೆ, ಊರಿಂದ ಊರಿಗೆ ಹೋಗುತ್ತಿದ್ದುದು ಬಹುಮಟ್ಟಿಗೆ ಜಂಗಮರ ಕಾಲಿನ ಮೇಲೆ. ಜಂಗಮವೆಂದರೆ ಚಲಿಸುವುದು. ಜೋಳಿಗೆ ಹಿಡಿದು ಗಂಟೆಯ ಸದ್ದು ಮಾಡುತ್ತ ಬಂದ ಅಯ್ಯನವರು ಬಾಗಿಲಲ್ಲಿ ನಿಂತರೆ ಗೃಹಿಣಿಯು ಭಿಕ್ಷೆ ನೀಡುವುದರೊಳಗೆ ಎರಡು ಮಾತುಗಳು ದಾಟುತ್ತಿದ್ದವು. ಮೇಲಿನ ಕೇರಿಯಲ್ಲಿ ಬಾಣಂತಿಗೆ ಹಾಲಿಲ್ಲ. ಹೊಳೆಯಾಚೆಯ ಊರಿನಲ್ಲಿ ಸಲ್ಲುವ ವರವಿದೆ. ಇಂಥವರ ಎತ್ತು ಸತ್ತಿದೆ, ಉಳುಮೆ ನಿಂತಿದೆ. ಭಿಕ್ಷೆಯ ಹಿಟ್ಟು ಮಠಕ್ಕೆ ಹೋದರೆ ಆ ಮಾತುಗಳು ಮುಂದಿನ ಮನೆಗೆ ಹೋಗುತ್ತಿದ್ದವು. ಸಂಜೆಯೊಳಗೆ ಬಾಣಂತಿಯ ಮನೆಗೆ ಹಾಲು ಬರುತ್ತಿತ್ತು. ಎಲ್ಲ ಅಯ್ಯನವರೂ ಹಾಗಿದ್ದರೆಂದು ಹೇಳಲಾಗದು. ಚಾಡಿಯನ್ನೂ ಹೊತ್ತು ತಿರುಗಿದವರಿದ್ದಿರಬೇಕು. ಜೋಳಿಗೆಯಲ್ಲಿ ಕಲ್ಲೂ ಬೀಳುತ್ತದೆ. ಆರಿಸುವುದು ಜೋಳಿಗೆ ಹಿಡಿದವನ ಹೊಣೆ.

ಅಚ್ಚಿನ ಮೊಳೆಯು ಬಂದ ಮೇಲೆ ಈ ಹೊಣೆಯನ್ನು ಜಂಗಮನಿಷ್ಠೆಯಿಂದಲೇ ಹೊತ್ತವರು ದಾವಣಗೆರೆಯಲ್ಲಿದ್ದರು. ಬನವಾಸಿಯಲ್ಲಿ 1886ರಲ್ಲಿ ಹುಟ್ಟಿದ ಹರ್ಡೇಕರ ಮಂಜಪ್ಪನವರು ಇಪ್ಪತ್ತರ ವಯಸ್ಸಿನಲ್ಲಿ, 1906ರಲ್ಲಿ, ಈ ಊರಿನಿಂದ ‘ಧನುರ್ಧಾರಿ’ಯೆಂಬ ವಾರಪತ್ರಿಕೆಯನ್ನು ಹೊರಡಿಸಿದರು. ಆಗ ದಾವಣಗೆರೆಯು ಹತ್ತಿಯ ಮಂಡಿಗಳ ಊರು. ಬಟ್ಟೆಯ ಗಿರಣಿಗಳು ಆಮೇಲೆ ಬಂದವು, ಬಂದು ಈಗ ಮುಚ್ಚಿಯೂ ಹೋದವು. ಪತ್ರಿಕೆ ನಡೆಸುವುದು ಲಾಭದ ಕೆಲಸವಲ್ಲದ ಕಾಲದಲ್ಲಿ ಬ್ರಹ್ಮಚಾರಿಯಾಗಿ, ಮಿತವಾಗಿ ಉಂಡು, ಖಾದಿಯನ್ನುಟ್ಟು ಬಾಳಿದ ಆ ಪುರುಷರು ವಿರಕ್ತಮಠದ ಮೃತ್ಯುಂಜಯ ಸ್ವಾಮಿಗಳೊಡನೆ ಕೂಡಿ 1913ರಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಿದರು. ಅದಕ್ಕೆ ಮೊದಲು ಬಸವಣ್ಣನವರ ಜಯಂತಿಯು ಹೀಗೆ ಊರ ಹಬ್ಬವಾಗಿರಲಿಲ್ಲ. ಇಂದು ನಾಡಿಗೆ ನಾಡೇ ನೆರವೇರಿಸುವ ಉತ್ಸವವು ಒಂದು ಊರಿನ ಒಂದು ಮಠದಿಂದ ಹೊರಟ ಕರೆಯಾಗಿತ್ತೆಂಬುದನ್ನು ದಾವಣಗೆರೆಯ ಭಕ್ತರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳತಕ್ಕದ್ದೇ. ಆದರೆ ಆ ಕರೆಯು ಯಾರನ್ನು ಕುರಿತದ್ದಾಗಿತ್ತು ಎಂಬ ಪ್ರಶ್ನೆಯು ಉಳಿಯುತ್ತದೆ. ಅದರ ವಿಚಾರವು ಮುಂದೆ ಬರುತ್ತದೆ.

ದಾವಣಗೆರೆಯಿಂದ ಹರಿಹರಕ್ಕೆ ಹೋದರೆ ಎಚ್ಚರಿಕೆಯೆಂಬ ಮಾತಿಗೆ ಬೇರೆಯೇ ತೂಕ ಬರುತ್ತದೆ. ಅಲ್ಲಿ ಹೊಳೆಯಿದೆ. 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ ಶಾಸನದ ಕಲ್ಲುಗಳು ನಿಂತಿವೆ. ಅರಸರು ಲೋಕಕ್ಕೆ ತಿಳಿಸಬೇಕೆಂದಿದ್ದುದನ್ನು ಕಲ್ಲಿನಲ್ಲಿ ಕೊರೆಸಿದರು. ಹೊಳೆಯು ಏರುವ ಸುದ್ದಿಯನ್ನು ಕಲ್ಲಿನಲ್ಲಿ ಕೊರೆಯಿಸಿ ಪ್ರಯೋಜನವಿಲ್ಲ. ಅದನ್ನು ಕೂಗಿಯೇ ಹೇಳಬೇಕು. ಲಕ್ಕವಳ್ಳಿಯ ಭದ್ರೆಯೂ ಗಾಜನೂರಿನ ತುಂಗೆಯೂ ಕೂಡಲಿಯಲ್ಲಿ ಸೇರಿ, ಹೊನ್ನಾಳಿಯನ್ನು ದಾಟಿ ಹರಿಹರಕ್ಕೆ ಬರುತ್ತವೆ. ಗಾಜನೂರಿನ ಜಲಾಶಯವು ಚಿಕ್ಕದು. ಮುಂಗಾರಿನ ಆರಂಭದಲ್ಲಿಯೇ ತುಂಬಿಬಿಡುತ್ತದೆ. ಮಲೆನಾಡಿನಲ್ಲಿ ಬಿದ್ದ ಮಳೆಯು ಬಯಲುನಾಡಿನ ಮನೆಯ ಹೊಸಿಲಿಗೆ ಬರುವುದರೊಳಗೆ ಕೆಲವು ಗಂಟೆಗಳ ಬಿಡುವು ಇರುತ್ತದೆ. ಆ ಬಿಡುವಿನಲ್ಲಿ ಮಾಡಬಹುದಾದ ಮೊದಲ ಕೆಲಸವೆಂದರೆ ಹೇಳುವುದು. 2019ರ ಆಗಸ್ಟಿನಲ್ಲಿ ತುಂಗಭದ್ರೆಯು ಉಕ್ಕಿ ಬಂದಾಗ ಹರಿಹರದ ಹೊಳೆದಂಡೆಯ ತಗ್ಗಿನ ಮನೆಗಳವರು ಗಂಟುಮೂಟೆ ಕಟ್ಟಿ ಹೊರಡಬೇಕಾಯಿತು. ಇಂಥ ಹೊತ್ತಿನಲ್ಲಿ ಸರಕಾರವು ಧ್ವನಿವರ್ಧಕದಿಂದ ಸಾರಿಸುತ್ತದೆ, ಡಂಗುರ ಹೊಡೆಯಿಸುತ್ತದೆ. ಆದರೆ ಕಿವಿ ಕೇಳದ ಮುದುಕನಿಗೆ, ಜ್ವರದಲ್ಲಿ ಮಲಗಿದ ಕೂಲಿಯವನಿಗೆ, ಭಾಷೆ ತಿಳಿಯದೆ ಉತ್ತರದಿಂದ ಬಂದು ಗುಡಿಸಲು ಹಾಕಿದ ಕೆಲಸಗಾರನಿಗೆ ಆ ಧ್ವನಿವರ್ಧಕವು ಹೇಳಲಾರದು. ಒಳಗೆ ಹೋಗಿ ಭುಜ ಅಲ್ಲಾಡಿಸಿ ಎಬ್ಬಿಸುವವನು ನೆರೆಯವನೇ. ಅಂಬಿಗರ ಚೌಡಯ್ಯನವರ ಹೆಸರನ್ನು ಹೊತ್ತ ಚೌಡಯ್ಯದಾನಪುರವು ಇದೇ ಹೊಳೆಯ ದಡದಲ್ಲಿ, ಹರಿಹರಕ್ಕಿಂತ ಕೆಳಗೆ, ರಾಣೆಬೆನ್ನೂರು ತಾಲ್ಲೂಕಿನಲ್ಲಿದೆ. ದೋಣಿ ನಡೆಸುವವನು ಹತ್ತಿದವರ ಕುಲವನ್ನು ಕೇಳಿ ಹುಟ್ಟು ಹಾಕುವುದಿಲ್ಲ. ನಡುನೀರಿನಲ್ಲಿ ಭಾರವೆಲ್ಲ ಒಂದೇ.

ಎಚ್ಚರಿಸುವ ಕಾಯಕಕ್ಕೆ ಒಂದು ಘೋರವಾದ ವಿಕಾರವೂ ಇದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿಯು ಫೋನಿನಿಂದ ಫೋನಿಗೆ ಹಬ್ಬಿತು. ಆ ವರುಷದ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಮುರ್ಕಿಯೆಂಬ ಊರಿನಲ್ಲಿ ಹೈದರಾಬಾದಿನಿಂದ ಬಂದಿದ್ದ ಪ್ರಯಾಣಿಕರನ್ನು ಜನರು ಮುತ್ತಿ ಹೊಡೆದರು. ಒಬ್ಬನು ಪ್ರಾಣ ಕಳೆದುಕೊಂಡನು. ದಾರಿಯಲ್ಲಿ ಮಕ್ಕಳ ಕೈಗೆ ಚಾಕಲೇಟು ಕೊಟ್ಟದ್ದೇ ಅವರ ಅಪರಾಧವಾಯಿತು. ಬಸವಣ್ಣನವರ ಕಲ್ಯಾಣವೂ ಅದೇ ಜಿಲ್ಲೆಯಲ್ಲಿದೆಯೆಂಬುದನ್ನು ನೆನೆದರೆ ಭಕ್ತನ ಮನಸ್ಸು ಕುಗ್ಗುತ್ತದೆ. ಆ ಸುದ್ದಿಯನ್ನು ಮುಂದಕ್ಕೆ ಕಳುಹಿಸಿದವರಲ್ಲಿ ಬಹುಮಂದಿ ದುಷ್ಟರಾಗಿರಲಿಲ್ಲ. ತಮ್ಮ ಮಕ್ಕಳ ಮೇಲಿನ ಪ್ರೀತಿಯಿಂದ, ನೆರೆಯವರ ಮಕ್ಕಳ ಮೇಲಿನ ಕಾಳಜಿಯಿಂದಲೇ ಕಳುಹಿಸಿದರು. ತಾವೂ ಎಚ್ಚರಿಕೆಯ ಕಾಯಕವನ್ನೇ ಮಾಡುತ್ತಿದ್ದೇವೆಂದು ಬಗೆದರು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಕಥೆಯು ಸಹಾಯಕ್ಕೆ ಬರುತ್ತದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ಅಕ್ಕಿ ತಂದರು. ಲಕ್ಕಮ್ಮನವರು ಸಂತೋಷಪಡಲಿಲ್ಲ, ಹೆಚ್ಚಿನದನ್ನು ಎಲ್ಲಿಂದ ತಂದರೋ ಅಲ್ಲಿಗೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಈ ಕಥೆಯನ್ನು ಧನದಾಸೆಯ ವಿಷಯವಾಗಿಯೇ ಪುರಾಣದಲ್ಲಿ ಹೇಳುವುದು ವಾಡಿಕೆ. ಮಾತಿಗೂ ಅದು ಅಷ್ಟೇ ಒಪ್ಪುತ್ತದೆ. ಕೇಳಿದ ಸುದ್ದಿಗೆ ಹೇಳುವವನು ಒಂದು ಹಿಡಿ ಸೇರಿಸುತ್ತಾನೆ, ಮುಂದಿನವನು ಮತ್ತೊಂದು ಹಿಡಿ. ಬೀದಿಯ ಆ ತುದಿಗೆ ಹೋಗುವುದರೊಳಗೆ ಸೇರಿನ ಸುದ್ದಿಯು ಖಂಡುಗವಾಗಿರುತ್ತದೆ. ಅದು ಮನೆಗೆ ಬಂದಾಗ ‘ಇದರಲ್ಲಿ ಕಂಡದ್ದೆಷ್ಟು, ಸೇರಿಸಿದ್ದೆಷ್ಟು?’ ಎಂದು ಕೇಳಿ ಹೆಚ್ಚಿನದನ್ನು ಅಲ್ಲಿಯೇ ಸುರಿಸುವ ಒಬ್ಬ ಲಕ್ಕಮ್ಮ ಪ್ರತಿ ಮನೆಯಲ್ಲಿಯೂ ಬೇಕು. 2020ರ ಮಹಾಮಾರಿಯ ದಿನಗಳಲ್ಲಿ ಪ್ರತ್ಯೇಕವಾಗಿ ಇದ್ದವರ ಮನೆಯ ಬಾಗಿಲಿಗೆ ಸರಕಾರವು ಸೂಚನೆಯ ಹಾಳೆ ಅಂಟಿಸಿತು. ಅದು ದಾರಿಹೋಕರ ರಕ್ಷಣೆಗಾಗಿ ಅಂಟಿಸಿದ್ದು. ಬೀದಿಯವರು ಅದರ ಮೇಲೆ ತಮ್ಮ ಒಂದೊಂದು ಹಿಡಿಯನ್ನು ಸುರಿದ ಕಡೆಗಳಲ್ಲಿ, ರೋಗವು ವಾಸಿಯಾಗಿ ಹಾಳೆಯು ಹರಿದುಹೋದ ಮೇಲೂ ಆ ಮನೆಯವರನ್ನು ಮದುವೆಯ ಮನೆಗೆ ಕರೆಯಲು ಹಿಂಜರಿದರು. ಅದೇ ಬೀದಿಗಳಲ್ಲಿ ಅಂಥ ಬಾಗಿಲಿನ ಮುಂದೆ ದಿನವೂ ಹಾಲು ರೊಟ್ಟಿಗಳನ್ನಿಟ್ಟು ದೂರದಿಂದ ಕೂಗಿ ಹೇಳಿ ಹೋದವರೂ ಇದ್ದರು.

ಸೂಚನೆಗೆ ಆಯುಷ್ಯವುಂಟೆಂಬುದೂ ಮರೆತುಹೋಗುತ್ತದೆ. ದಾವಣಗೆರೆಯು ದೊಡ್ಡ ಆಸ್ಪತ್ರೆಗಳ ಊರು. ಸುತ್ತಲಿನ ಜಿಲ್ಲೆಗಳ ರೋಗಿಗಳು ಇಲ್ಲಿಗೆ ಬರುತ್ತಾರೆ. ‘ತುರ್ತಾಗಿ ರಕ್ತ ಬೇಕಾಗಿದೆ’ ಎಂಬ ಕರೆಗೆ ಯುವಕರು ಓಡಿ ಬರುತ್ತಾರೆ. ಆದರೆ ದಿನಾಂಕವಿಲ್ಲದೆ ಹೊರಟ ಅಂಥ ಕರೆಯು ರೋಗಿಯು ಗುಣವಾಗಿ ಮನೆಗೆ ಹೋದ ಮೇಲೂ, ಅಥವಾ ಶಿವಾಧೀನವಾದ ಮೇಲೂ, ತಿಂಗಳುಗಟ್ಟಲೆ ತಿರುಗುತ್ತಿರುತ್ತದೆ. ಎರಡು ಸಲ ವ್ಯರ್ಥವಾಗಿ ಓಡಿ ಬಂದ ಯುವಕನು ಮೂರನೆಯ ಸಲ ಏಳುವುದಿಲ್ಲ. ಆ ಮೂರನೆಯದು ನಿಜವಾದ ಕರೆಯಾಗಿರುತ್ತದೆ. ಮಠಗಳ ಅಂಗಳದಲ್ಲಿಯೂ ಸಂಘಗಳ ಬಾಗಿಲಲ್ಲಿಯೂ ಇರುವ ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆಯುವ ಹಿರಿಯರು ಇದನ್ನು ಬಲ್ಲರು. ಕಳೆದ ಸೋಮವಾರದ ಪ್ರವಚನದ ಸೂಚನೆಯನ್ನು ಒದ್ದೆ ಬಟ್ಟೆಯಿಂದ ಒರಸದೆ ಹೊಸದನ್ನು ಬರೆಯುವುದಿಲ್ಲ. ಬರೆಯುವ ಕಾಯಕದಲ್ಲಿ ಅರ್ಧವು ಒರಸುವುದೇ.

ಈಗ ಹಿಂದೆ ಉಳಿಸಿದ ಪ್ರಶ್ನೆ. ಕರೆಯು ಯಾರನ್ನು ಕುರಿತದ್ದು? ಬೀದಿಯ ಸೂಚನೆಗಳಲ್ಲೆಲ್ಲ ಅತ್ಯಂತ ಸಾಮಾನ್ಯವಾದುದೊಂದು ಗೇಟಿಗೆ ತೂಗುಬಿಟ್ಟಿರುತ್ತದೆ: ‘ಮನೆ ಬಾಡಿಗೆಗೆ ಇದೆ’. ಅದರ ಕೆಳಗೆ ಎಷ್ಟೋ ಕಡೆ ಇನ್ನೊಂದು ಸಾಲು ಇರುತ್ತದೆ. ‘ಮಾತ್ರ’ ಎಂಬುದು ಅದರ ಕೊನೆಯ ಶಬ್ದ. ಇಂಥ ಜನಕ್ಕೆ ಮಾತ್ರ, ಸಸ್ಯಾಹಾರಿಗಳಿಗೆ ಮಾತ್ರ. ಹಲಗೆಯ ಮೇಲೆ ಬರೆಯದ ಮನೆಗಳಲ್ಲಿ ಅದನ್ನು ಬಾಯಿಂದ ಕೇಳುತ್ತಾರೆ. ವೀರಶೈವ ಗೃಹಸ್ಥರ ಮನೆಗಳೂ ಇದಕ್ಕೆ ಹೊರತಾಗಿಲ್ಲವೆಂಬುದನ್ನು ಮಠದ ಪತ್ರಿಕೆಯಲ್ಲಿ ಮರೆಮಾಚುವುದು ಉಚಿತವಲ್ಲ. ಅಡಿಗೆಯ ಮನೆಯ ಆಚಾರವು ತಮಗೆ ಮುಖ್ಯವೆಂದು ಗೃಹಸ್ಥನು ಹೇಳಬಹುದು. ಅದು ಆತನ ನಿಷ್ಠೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಹಾಗಿದ್ದರೆ ಅಡಿಗೆಯ ನೇಮವನ್ನು ಬಂದವರಿಗೆಲ್ಲ ಒಂದೇ ರೀತಿಯಾಗಿ ಹೇಳಿ ಅವರು ಒಪ್ಪುವರೇ ಎಂದು ಕೇಳಿದರೆ ಸಾಕು. ಆಹಾರದ ಹೆಸರು ಹೇಳಿ ಹುಟ್ಟನ್ನು ವಿಚಾರಿಸುವುದು ಬೇರೆ. ವಿಚಾರಿಸುವವನಿಗೂ ಉತ್ತರ ಕೊಡುವವನಿಗೂ ಆ ಭೇದವು ಚೆನ್ನಾಗಿ ತಿಳಿದಿರುತ್ತದೆ.

ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾದಾಗ ಆ ಸುದ್ದಿಯನ್ನು ರಾಜಸಭೆಗೆ ಮುಟ್ಟಿಸಿದವರೂ ಇದ್ದರು. ಕಟ್ಟಿದ ದಂಪತಿಗಳ ಮನೆಗೆ ಅಕ್ಕಿಬೇಳೆ ಮುಟ್ಟಿಸಿದವರೂ ಇದ್ದಿರಬೇಕು. ಎರಡೂ ಕಡೆಯವರು ಸುದ್ದಿಯನ್ನೇ ಹೊತ್ತು ನಡೆದವರು. ತಂದೆಗಳಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ಪರಂಪರೆಯು ಹೇಳುತ್ತದೆ. ಶರಣರು ಕಲ್ಯಾಣವನ್ನು ಬಿಟ್ಟು ಚದುರಿಹೋದರು.

ಒಂದು ದೃಷ್ಟಾಂತವನ್ನು ಊಹಿಸಿಕೊಳ್ಳಬಹುದು. ಇಂಥ ಹಲಗೆಯನ್ನು ನೋಡಿ ಆಸ್ಪತ್ರೆಯೊಂದರಲ್ಲಿ ದಾದಿಯಾಗಿರುವ ಹೆಣ್ಣುಮಗಳೊಬ್ಬಳು ತನ್ನ ತಾಯಿಯೊಡನೆ ಗೇಟಿನ ಮುಂದೆ ನಿಲ್ಲುತ್ತಾಳೆ. ಬಿಸಿಲು ಏರಿದೆ. ಬೆಳಗಿನಿಂದ ಅವರಿಗಿದು ನಾಲ್ಕನೆಯ ಮನೆ. ಮನೆಯ ಯಜಮಾನನು ಒಳ್ಳೆಯವನು. ಶ್ರಾವಣದಲ್ಲಿ ತಪ್ಪದೆ ಪ್ರವಚನ ಕೇಳುವವನು. ಬಾಡಿಗೆ, ಮುಂಗಡ, ನೀರು ಬರುವ ದಿನ ಎಲ್ಲವನ್ನೂ ವಿವರವಾಗಿ ಹೇಳಿ, ಬಳಿಕ ದನಿಯನ್ನು ತುಸು ತಗ್ಗಿಸಿ ಕೇಳುತ್ತಾನೆ: “ಅಂದ್ಹಂಗೆ, ನೀವು ಯಾವ ಪೈಕಿ ಆಗ್ತೀರಿ?”

ಹುಡುಗಿಯು ತಾಯಿಯ ಮುಖವನ್ನು ನೋಡುತ್ತಾಳೆ. ತಾಯಿಯು ನೆಲವನ್ನು ನೋಡುತ್ತಾಳೆ. ಹಿಂದಿನ ಮೂರು ಮನೆಗಳಲ್ಲಿ ಉತ್ತರ ಕೊಟ್ಟು ದಣಿದವರು ಅವರು.

ಇವನಾರವನೆಂದು ಎನಿಸಬೇಡವೆಂದು ಬಸವಣ್ಣನವರು ದೇವರಲ್ಲಿ ಬೇಡಿಕೊಂಡ ವಚನವು ಆ ಮನೆಯಲ್ಲಿ ಯಾರಿಗೂ ತಿಳಿಯದುದಲ್ಲ. ಹಿಂದಿನ ಬಸವ ಜಯಂತಿಯಂದು ಆ ಯಜಮಾನನ ಮೊಮ್ಮಗನೇ ಅದನ್ನು ವೇದಿಕೆಯ ಮೇಲೆ ನಿಂತು ಒಂದಕ್ಷರವೂ ತಪ್ಪದೆ ಒಪ್ಪಿಸಿದ್ದಾನೆ. ಬಹುಮಾನವಾಗಿ ಬಂದ ಸ್ಟೀಲಿನ ತಟ್ಟೆಯು ಅಡಿಗೆಮನೆಯಲ್ಲಿದೆ. ಪ್ರಶ್ನೆಯು ಬೀದಿಯಲ್ಲಿ ಬಿದ್ದ ಹೊತ್ತಿಗೆ ಆ ಹುಡುಗನು ಜಗಲಿಯ ಮೇಲೆಯೇ ಕುಳಿತಿದ್ದಾನೆ. ಅಜ್ಜನ ಬಾಯಿಂದ ಬಂದ ಮಾತು ಎಲ್ಲಿಯೋ ಕೇಳಿದ್ದೆಂದು ಅವನಿಗೆ ಅನಿಸುತ್ತದೆ. ಎಲ್ಲಿ ಎಂಬುದು ನೆನಪಾದೊಡನೆ ಅವನು ತಲೆಯೆತ್ತಿ ಅಜ್ಜನನ್ನೇ ನೋಡುತ್ತಾನೆ, ಏನನ್ನೂ ಹೇಳುವುದಿಲ್ಲ.

ಯಜಮಾನನ ತಾಯಿಗೆ ಎಂಬತ್ತು ದಾಟಿದೆ. ಬಾಗಿಲ ಬಳಿ ಗೋಡೆಗೆ ಒರಗಿ ಕುಳಿತು ಬಿಲ್ವಪತ್ರೆ ಬಿಡಿಸುತ್ತಿದ್ದ ಆಕೆಯು ಕೈಯಲ್ಲಿದ್ದ ಎಲೆಯನ್ನು ತಟ್ಟೆಗೆ ಹಾಕಿ ನುಡಿಯುತ್ತಾಳೆ: “ಏನಪಾ, ಬಿಸಿಲಾಗ ನಿಲ್ಲಿಸ್ಕಂಡು ಏನ್ ಕೇಳ್ತೀಯೋ? ಬಾರವ್ವಾ, ಒಳಗ ಬಾ. ನಿಮ್ಮವ್ವಗ ನೀರು ಕೊಡ್ತೀನಿ. ಮನಿ ನೋಡ್ಕಂಡು ಹೋಗ್ರಿ.”